ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದೋಷಗಳು: ‘ಜರ್ಕ್’, ‘ಸ್ಲಿಪ್’ ಮತ್ತು ‘ಗೇರ್ ಬೀಳುವುದು’

ಮಾನ್ಯರೆ,

ಕೊಡಗಿನ ತೋಟದ ಮನೆಗಳಲ್ಲಿ ಇಪ್ಪತ್ತು ವರ್ಷ ದಾಟಿದ ಐಷಾರಾಮಿ ಕಾರುಗಳನ್ನು ಅಕ್ಕರೆಯಿಂದ ಇಟ್ಟುಕೊಂಡಿರುವವರಿದ್ದಾರೆ. ಅವರಿಗೂ ಅವರ ಚಾಲಕರಿಗೂ ನೆರವಾಗಲೆಂದು, ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ದೋಷಗಳನ್ನು ಗುರುತಿಸುವ ಬಗೆ ತಿಳಿಸುವ ಚಿಕ್ಕ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ಬರೆಯಲು ಕುಳಿತಾಗ ಎದುರಾದ ತೊಡಕು ಯಂತ್ರದ್ದಲ್ಲ, ಪದಗಳದ್ದು. ‘ಜರ್ಕ್ ಹೊಡೆಯುತ್ತದೆ’, ‘ಸ್ಲಿಪ್ ಆಗುತ್ತದೆ’, ‘ಗೇರ್ ಬೀಳುವುದಿಲ್ಲ’ ಎಂಬ ಮೂರು ಮಾತುಗಳಲ್ಲೇ ಎಲ್ಲ ದೂರುಗಳೂ ಮುಗಿದುಹೋಗುತ್ತವೆ. ಒಂದೊಂದು ಮಾತಿನ ಕೆಳಗೂ ಕಾರಣ ಬೇರೆ, ದುರಸ್ತಿ ಬೇರೆ, ಖರ್ಚು ಬೇರೆಯಾದ ಹಲವು ದೋಷಗಳು ಅಡಗಿವೆ.

ಮೊದಲು ‘ಜರ್ಕ್’ ಅನ್ನು ನೋಡೋಣ. ಹಾಗೆಂದವರನ್ನು ಸ್ವಲ್ಪ ಕೆದಕಿ ಕೇಳಿದರೆ ಕನಿಷ್ಠ ಮೂರು ಅನುಭವಗಳು ಹೊರಬೀಳುತ್ತವೆ. ಗೇರ್ ಬದಲಾಗುವ ಕ್ಷಣದಲ್ಲಿ ಬೆನ್ನಿಗೆ ತಾಗುವ ಒಂದೇ ಪೆಟ್ಟು ಮೊದಲನೆಯದು. ಇದು ಒಳಗಿನ ಆಯಿಲಿನ ಒತ್ತಡ ಹದ ತಪ್ಪಿದ್ದರಿಂದಲೋ, ಆಯಿಲನ್ನು ಬೇಕಾದ ಕಡೆ ಹರಿಸುವ ವಾಲ್ವ್ ಬಾಡಿಯ ಸೊಲೆನಾಯ್ಡ್ (ವಿದ್ಯುತ್ತಿನಿಂದ ನಡೆಯುವ ಕವಾಟ) ಸರಿಯಾಗಿ ಕೆಲಸ ಮಾಡದ್ದರಿಂದಲೋ, ಕೆಲವೊಮ್ಮೆ ಗೇರ್‌ಬಾಕ್ಸಿಗೆ ಸಂಬಂಧವೇ ಇಲ್ಲದ ಎಂಜಿನ್ ಮೌಂಟಿಂಗ್ ಸವೆದದ್ದರಿಂದಲೋ ಬರುತ್ತದೆ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿ ಲಿವರನ್ನು ‘ಪಿ’ಯಿಂದ (ಪಾರ್ಕ್) ‘ಡಿ’ಗೆ (ಡ್ರೈವ್) ತಂದಾಗ, ಕೆಲ ಕ್ಷಣ ಏನೂ ಆಗದೆ ಅನಂತರ ಧಡ್ ಎಂದು ಹಿಡಿದುಕೊಳ್ಳುವುದು ಎರಡನೆಯದು. ಮೂರನೆಯದರಲ್ಲಿ ಗೇರ್ ಬದಲಾಗುವುದೇ ಇಲ್ಲ. ಕುಶಾಲನಗರ ದಾಟಿ ಮೈಸೂರಿನತ್ತ ಹೋಗುವ ನೇರ ರಸ್ತೆಯಲ್ಲಿ, ಗಂಟೆಗೆ 60ರಿಂದ 80 ಕಿ.ಮೀ. ವೇಗದಲ್ಲಿ, ಆಕ್ಸಿಲರೇಟರ್ ಮೇಲೆ ಕಾಲನ್ನು ಹಗುರವಾಗಿ ಇಟ್ಟಿರುವಾಗ, ರಸ್ತೆಗೆ ಅಡ್ಡಲಾಗಿ ಹಾಕಿದ ಸಾಲು ಉಬ್ಬುಪಟ್ಟಿಗಳ ಮೇಲೆ ಹಾದಂತೆ ಕಾರು ಒಂದೆರಡು ಕ್ಷಣ ಅದುರಿ ಸುಮ್ಮನಾಗುತ್ತದೆ.

ಈ ಮೂರನೆಯದು, ಎಂಜಿನ್ನಿನ ಶಕ್ತಿಯನ್ನು ಆಯಿಲಿನ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರಿನೊಳಗೆ ಅವೆರಡನ್ನೂ ನೇರವಾಗಿ ಬೆಸೆಯುವ ಲಾಕಪ್ ಕ್ಲಚ್ ಸಮವಾಗಿ ಹಿಡಿಯದಿದ್ದಾಗ ಕಾಣುವ ಲಕ್ಷಣ. ಅದನ್ನು ಖಚಿತಪಡಿಸಿಕೊಳ್ಳುವ ಸುಲಭದ ದಾರಿಯೊಂದಿದೆ. ಹಿಂದೆ ಯಾವ ವಾಹನವೂ ಇಲ್ಲದಾಗ, ಅದುರಾಟ ಶುರುವಾದ ಕೂಡಲೇ ಬ್ರೇಕ್ ಲೈಟು ಹೊತ್ತುವಷ್ಟು ಮಾತ್ರ ಎಡಗಾಲಿನಿಂದ ಬ್ರೇಕ್ ಪೆಡಲನ್ನು ಮುಟ್ಟಬೇಕು. ಬಹಳಷ್ಟು ಕಾರುಗಳಲ್ಲಿ ಆ ಸಂಕೇತ ಸಿಕ್ಕೊಡನೆ ಲಾಕಪ್ ಬಿಟ್ಟುಕೊಳ್ಳುತ್ತದೆ, ಅದುರಾಟವೂ ನಿಲ್ಲುತ್ತದೆ. ನಿಲ್ಲದೆ ಹೋದರೆ ಎಂಜಿನ್ನಿನ ಪ್ಲಗ್, ಕಾಯಿಲ್‌ಗಳ ಕಡೆಗೋ ಚಕ್ರಗಳತ್ತ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕಡೆಗೋ ನೋಡಬೇಕು. ಆರಂಭದ ಹಂತದಲ್ಲಿ ಲಾಕಪ್ಪಿನ ಅದುರಾಟವು ಆ ಗೇರ್‌ಬಾಕ್ಸಿಗೆ ಹೇಳಿದ ಆಯಿಲನ್ನೇ ಹೊಸದಾಗಿ ಹಾಕಿದರೆ ಅನೇಕ ಸಲ ಹೋಗಿಬಿಡುತ್ತದೆ. ‘ಜರ್ಕ್’ ಎಂಬ ಒಂದೇ ಪದವನ್ನು ನಂಬಿ ಗೇರ್‌ಬಾಕ್ಸನ್ನೇ ಇಳಿಸಿ ಬಿಚ್ಚಿದರೆ ಮಾಲೀಕರಿಗೆ ಆಗುವ ನಷ್ಟ ಚಿಕ್ಕದಲ್ಲ.

ಆದ್ದರಿಂದ ಮೊದಲನೆಯದಕ್ಕೆ ‘ಒದೆತ’ (ಗೇರ್ ಒದೆಯುತ್ತದೆ), ಎರಡನೆಯದಕ್ಕೆ ‘ತಡಹಿಡಿತ’, ಮೂರನೆಯದಕ್ಕೆ ‘ಅದುರಾಟ’ ಎಂದು ಬಳಸಬಹುದೇ ಎಂಬುದು ನನ್ನ ಮೊದಲ ಪ್ರಶ್ನೆ. ‘ಅದಿರು’ ಎಂಬ ರೂಪವೂ ಇದೆಯಾದರೂ ಇಂದಿನ ಓದುಗರಿಗೆ ಕಬ್ಬಿಣದ ಅದಿರೇ ಮೊದಲು ಹೊಳೆಯುವುದರಿಂದ ಅದನ್ನು ಕೈಬಿಟ್ಟಿದ್ದೇನೆ. ‘ತಡಹಿಡಿತ’ ನನಗೇ ಅಷ್ಟು ಒಪ್ಪಿಗೆಯಾಗಿಲ್ಲ, ‘ತಡೆಹಿಡಿ’ಯೊಂದಿಗೆ ಅದು ಗೊಂದಲ ಹುಟ್ಟಿಸುತ್ತದೆ.

ಎರಡನೆಯದು ‘ಸ್ಲಿಪ್’. ಇಲ್ಲಿ ‘ಜಾರು’ ಸಹಜವಾದ ಪದವೇ, ಆದರೆ ನಮ್ಮ ಜಿಲ್ಲೆಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಗಾಡಿ ಜಾರುವುದೆಂದರೆ ಕೆಸರಿನಲ್ಲಿ ಚಕ್ರ ಜಾರುವುದು. ಹಾಗಾಗಿ ಕರ್ತೃಪದವನ್ನು ಬಿಡದೆ ‘ಗೇರ್ ಜಾರುತ್ತದೆ’ ಎಂದೇ ಬರೆಯಬೇಕೆಂದು ನನ್ನ ಅಭಿಪ್ರಾಯ. ಎಂಜಿನ್ ರೇಸ್ ಆಗಿ, ಆರ್‌ಪಿಎಂ (ಎಂಜಿನ್ ಸುತ್ತಿನ) ಮುಳ್ಳು ಮೇಲೇರಿ, ವೇಗ ಮಾತ್ರ ಏರದಿರುವುದು ಇದರ ಗುರುತು. ಸಂಪಾಜೆ ಘಾಟಿಯ ತಿರುವುಗಳಲ್ಲಿ ಮಾತ್ರ ಹೀಗಾದರೆ ಮೊದಲು ಆಯಿಲಿನ ಮಟ್ಟವನ್ನು ಅನುಮಾನಿಸಬೇಕು. ಮಟ್ಟ ಇಳಿದಿದ್ದರೆ ತಿರುವಿನಲ್ಲಿ ಆಯಿಲ್ ಒಂದು ಬದಿಗೆ ಸರಿದು, ಪಂಪು ಗಾಳಿ ಎಳೆದುಕೊಂಡು, ಒತ್ತಡ ಕುಸಿಯುತ್ತದೆ. ನೇರ ರಸ್ತೆಯಲ್ಲೂ ಜಾರಿದರೆ ಕ್ಲಚ್ ಪ್ಲೇಟುಗಳು ಸವೆದಿರುವ ಸಾಧ್ಯತೆ ಹೆಚ್ಚು. ಏರಿನಲ್ಲಿ ನಿಂತಲ್ಲಿಂದ ಹೊರಡುವಾಗ ಎಂಜಿನ್ನಿನ ಸದ್ದು ವೇಗಕ್ಕಿಂತ ಮುಂದೆ ಹೋಗುವುದು ಟಾರ್ಕ್ ಕನ್ವರ್ಟರಿನ ಸ್ವಭಾವ. ಅದನ್ನು ದೋಷವೆಂದು ಕರೆಯದಂತೆ ಓದುಗರನ್ನು ಎಚ್ಚರಿಸಬೇಕಾಗಿದೆ.

‘ಗೇರ್ ಬೀಳುವುದು’ ಎಂಬ ಚಂದದ ನುಡಿಗಟ್ಟು ಕೈಯಿಂದ ಗೇರ್ ಹಾಕುವ ಗಾಡಿಗಳ ಕಾಲದ್ದು. ಅಲ್ಲಿ ಲಿವರ್ ಸರಿಯುವುದೂ ಹಲ್ಲುಗಳು ಕೂಡಿಕೊಳ್ಳುವುದೂ ಒಂದೇ ಕ್ರಿಯೆ. ಆಟೋಮ್ಯಾಟಿಕ್‌ನಲ್ಲಿ ಲಿವರ್ ಸರಿದ ಮೇಲೆ ಆಯಿಲಿನ ಒತ್ತಡ ಪ್ಲೇಟುಗಳನ್ನು ಒತ್ತಿ ಹಿಡಿಯಬೇಕು. ಆದ್ದರಿಂದ ‘ಲಿವರ್ ಸರಿಯುತ್ತಿಲ್ಲ’, ‘ಗೇರ್ ಹಿಡಿಯುತ್ತಿಲ್ಲ’ ಎಂದು ಎರಡಾಗಿ ಒಡೆದು ಹೇಳದ ಹೊರತು, ಮೆಕ್ಯಾನಿಕ್‌ಗೆ ಲಿವರಿನ ಕೇಬಲ್ ನೋಡಬೇಕೋ ಒತ್ತಡ ಅಳೆಯಬೇಕೋ ತಿಳಿಯುವುದಿಲ್ಲ.

ಆಯಿಲಿನ ವಿಚಾರದಲ್ಲಿ ಮಾತ್ರ ಪದಗಳ ಕೊರತೆಯಿಲ್ಲ: ಹೊಸದಿದ್ದಾಗ ಸಾಮಾನ್ಯವಾಗಿ ತಿಳಿ ಕೆಂಪು, ಕ್ಲಚ್ ಸುಟ್ಟಾಗ ಕಪ್ಪು ಬಣ್ಣ ಮತ್ತು ಸೀದ ವಾಸನೆ, ರೇಡಿಯೇಟರಿನ ಕೂಲೆಂಟ್ ಬೆರೆತಾಗ ನಸುಗೆಂಪಿನ ಮಬ್ಬು. ‘ಸೀದ’ ಎನ್ನುವುದನ್ನು ಅಡುಗೆಮನೆ ಬಲ್ಲವರಿಗೆ ವಿವರಿಸಬೇಕಾಗಿಲ್ಲ.

ಕೊನೆಯದು ‘ಲಿಂಪ್ ಮೋಡ್’, ಅಂದರೆ ದೋಷ ಕಂಡಾಗ ಗೇರ್‌ಬಾಕ್ಸ್ ತಾನಾಗಿಯೇ ಮಿತಿ ಹಾಕಿಕೊಂಡು ನಡೆಯುವ ಸ್ಥಿತಿ. 1990ರ ದಶಕದ ನಡುವೆ ಬಂದ ಮರ್ಸಿಡಿಸ್ ಬೆಂಜ್‌ನ ಐದು ಗೇರಿನ 722.6 ಗೇರ್‌ಬಾಕ್ಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ವಿದ್ಯುನ್ಮಾನ ನಿಯಂತ್ರಣದಲ್ಲಿ ಗಂಭೀರ ದೋಷ ಕಂಡರೆ ಅದು ಆ ಹೊತ್ತಿನ ಗೇರಿನಲ್ಲೇ ಉಳಿಯುತ್ತದೆ. ಕಾರು ನಿಲ್ಲಿಸಿ, ‘ಪಿ’ಗೆ ಹಾಕಿ, ಎಂಜಿನ್ ಆರಿಸಿ ಮತ್ತೆ ಹೊರಟರೆ ಮುಂದಕ್ಕೆ ಎರಡನೆಯ ಗೇರ್, ಹಿಂದಕ್ಕೆ ರಿವರ್ಸ್ ಮಾತ್ರ ಸಿಗುತ್ತದೆ. ಇದಕ್ಕೆ ‘ಕುಂಟುನಡೆ’ ಎಂದರೆ ಯಂತ್ರ ಮುರಿದಿದೆ ಎಂಬ ಭಾವ ಬರುತ್ತದೆ, ವಾಸ್ತವದಲ್ಲಿ ಅದು ತನ್ನನ್ನು ಕಾಪಾಡಿಕೊಳ್ಳಲು ಹಾಕಿಕೊಂಡ ಮಿತಿ. ‘ಸೆಕೆಂಡಿನಲ್ಲೇ ಕೂತುಬಿಟ್ಟಿದೆ’ ಎಂಬ ಚಾಲಕರ ಮಾತು ನನಗೆ ಹೆಚ್ಚು ಹಿಡಿಸುತ್ತದೆಯಾದರೂ ಅದರಿಂದ ನಾಮಪದವೊಂದು ಹೊರಡುತ್ತಿಲ್ಲ.

ಸುಳ್ಯ, ಪುತ್ತೂರು, ಹುಣಸೂರು ಕಡೆಯ ಗ್ಯಾರೇಜುಗಳ ಮಾತು ಬಲ್ಲವರು, ಅದರಲ್ಲೂ ಮೂರನೆಯ ಬಗೆಯ ಅದುರಾಟಕ್ಕೆ ಪ್ರತ್ಯೇಕ ಪದ ಕೇಳಿದವರು, ದಯವಿಟ್ಟು ತಿಳಿಸಬೇಕು. ಆ ಪದವನ್ನು ಯಾವ ವೇಗದಲ್ಲಿ, ಗೇರ್ ಬದಲಾಗುವಾಗಲೋ ಬದಲಾಗದಿರುವಾಗಲೋ ಬಳಸುತ್ತಾರೆ ಎಂಬುದನ್ನೂ ಜೊತೆಗೆ ಬರೆದರೆ ಕೈಪಿಡಿಯಲ್ಲಿ ಅದನ್ನೇ ಸೇರಿಸುತ್ತೇನೆ.