ಒಂಟೆಯ ಹಸಿ ಹಾಲು ಕುಡಿಯಬಹುದೇ?

ಪ್ರಶ್ನೆ – ಕಲಬುರಗಿ
ನಮ್ಮ ಬಡಾವಣೆಗೆ ಒಂಟೆ ಹೊಡೆದುಕೊಂಡು ಬರುವವರು ಕಣ್ಣೆದುರೇ ಹಾಲು ಹಿಂಡಿ ಕೊಡುತ್ತಾರೆ. ಕಾಯಿಸಿದರೆ ಗುಣ ಹೋಗುತ್ತದೆಂಬ ಮಾತನ್ನು ನಂಬಿ, ಸಕ್ಕರೆ ಕಾಯಿಲೆಯಿರುವ ನಮ್ಮ ತಂದೆಯವರು ಅದನ್ನು ನೊರೆಯ ಸಮೇತ ಹಸಿಯಾಗಿಯೇ ಕುಡಿಯುತ್ತಿದ್ದಾರೆ. ಇದರಿಂದ ಅಪಾಯವಿದೆಯೇ?

ಉತ್ತರ – ಪಶುವೈದ್ಯ, ಬೀದರ್
ಖಂಡಿತ ಇದೆ, ದಯವಿಟ್ಟು ಇಂದೇ ನಿಲ್ಲಿಸಿ. ಬ್ರುಸೆಲ್ಲಾ ಎಂಬ ಬ್ಯಾಕ್ಟೀರಿಯಾದ ಸೋಂಕಿರುವ ಒಂಟೆ ಹೊರನೋಟಕ್ಕೆ ಆರೋಗ್ಯವಾಗಿಯೇ ಕಾಣಬಹುದು; ಕಂದು ಹಾಕುವುದೊಂದೇ (ಗರ್ಭಪಾತವೊಂದೇ) ಸುಳಿವಾಗಿರುವುದೂ ಉಂಟು. ಆದರೆ ಅದರ ಹಸಿ ಹಾಲಿನಿಂದ ಸೋಂಕು ತಗುಲಿದವರನ್ನು ಬಿಟ್ಟು ಬಿಟ್ಟು ಬರುವ ಜ್ವರ, ರಾತ್ರಿಯ ಬೆವರು ಮತ್ತು ಕೀಲುನೋವು ವಾರಗಟ್ಟಲೆ ಕಾಡಬಹುದು. ಹಿಂಡುವವರ ಕೈ, ಪಾತ್ರೆ, ಕೆಚ್ಚಲಿನ ಕೊಳೆಯಿಂದ ಇ. ಕೋಲಿ, ಸಾಲ್ಮೊನೆಲ್ಲಾದಂತಹ ಹೊಟ್ಟೆ ಕೆಡಿಸುವ ಬ್ಯಾಕ್ಟೀರಿಯಾ ಸೇರುವ ಭಯ ಬೇರೆ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ ಇಟ್ಟರೆ ಬ್ರುಸೆಲ್ಲಾ ಸಾಯುತ್ತದೆ. ಮನೆಯಲ್ಲಿ ಚೆನ್ನಾಗಿ ಉಕ್ಕಿ ಬರುವವರೆಗೆ ಕಾಯಿಸಿದರೆ ಸಾಕು.

ಉತ್ತರ – ಯಾದಗಿರಿ
2012ರಲ್ಲಿ ಸೌದಿ ಅರೇಬಿಯಾದಲ್ಲಿ ಗುರುತಿಸಲಾದ, ತೀವ್ರ ಉಸಿರಾಟದ ಕಾಯಿಲೆ ತರುವ ಮರ್ಸ್ ವೈರಸ್ ಒಂಟೆಗಳಿಂದ ಮನುಷ್ಯರಿಗೆ ಹರಡುವುದರಿಂದ, ವಿಶ್ವ ಆರೋಗ್ಯ ಸಂಸ್ಥೆಯೂ ಒಂಟೆಯ ಹಸಿ ಹಾಲು ಬೇಡವೆನ್ನುತ್ತದೆ. ತಂದೆಯವರಿಗೆ ಜ್ವರ ಬಂದರೆ, ಈ ಹಾಲು ಕುಡಿದ ಸಂಗತಿಯನ್ನು ವೈದ್ಯರಿಗೆ ಮೊದಲೇ ತಿಳಿಸಿ; ಇಲ್ಲದಿದ್ದರೆ ಟೈಫಾಯ್ಡ್ ಎಂದೇ ಚಿಕಿತ್ಸೆ ನಡೆದು ದಿನಗಳು ವ್ಯರ್ಥವಾಗಬಹುದು. ಸಕ್ಕರೆ ಕಾಯಿಲೆಯ ಮಾತ್ರೆಗಳನ್ನಂತೂ ಹಾಲಿನ ಭರವಸೆಯ ಮೇಲೆ ಬಿಡಿಸಬೇಡಿ.