ಪೋಸ್ಟ್‌ಗ್ರೆಸ್: ಕಡತದಲ್ಲಿ 16 ಎಂಬಿ, ಸರ್ವರ್ ತೋರಿಸುವುದು 256 ಎಂಬಿ

ಪ್ರಶ್ನೆ (ಚಿಕ್ಕಮಗಳೂರು):

ನಮಸ್ಕಾರ. ಕಾಫಿ ಖರೀದಿಸುವ ಒಂದು ಗೋದಾಮಿನ ಲೆಕ್ಕದ ಸರ್ವರ್ ನೋಡಿಕೊಳ್ಳುತ್ತಿದ್ದೇನೆ. ಪೋಸ್ಟ್‌ಗ್ರೆಸ್ 14 (ಡೇಟಾಬೇಸ್ ತಂತ್ರಾಂಶ), ಮೆಮೊರಿ 4 ಜಿಬಿ. ಕೊಯ್ಲಿನ ಕಾಲ. ಸಂಜೆ ಪಾರ್ಚ್‌ಮೆಂಟ್, ಚೆರಿ ಕಾಫಿಯ ತೂಕದ ಚೀಟಿಗಳನ್ನೆಲ್ಲ ಏರಿಸಿದ ಮೇಲೆ ನಾಲ್ಕೈದು ಗುಮಾಸ್ತರು ಒಟ್ಟಿಗೆ ಬೆಳೆಗಾರರ ವರದಿ ತೆಗೆದರೆ ಮೆಮೊರಿ ತುಂಬಿ ಸರ್ವರ್ ನಿಂತುಹೋಗುತ್ತದೆ. ‘ಪೋಸ್ಟ್‌ಗ್ರೆಸ್‌ಕ್ಯೂಎಲ್.ಕಾನ್ಫ್’ ಎಂಬ ಸೆಟ್ಟಿಂಗ್ಸ್ ಕಡತದಲ್ಲಿ ವರ್ಕ್_ಮೆಮ್ (ವಿಂಗಡಣೆಯಂಥ ಒಂದು ಕೆಲಸ ಬಳಸಬಹುದಾದ ಮೆಮೊರಿ) 16 ಎಂಬಿ ಎಂದು ಬರೆದು ರೀಲೋಡ್ ಮಾಡಿದೆ, ರೀಸ್ಟಾರ್ಟ್ ಕೂಡ ಮಾಡಿದೆ. ಆದರೂ 256 ಎಂಬಿ ಎಂದೇ ತೋರಿಸುತ್ತದೆ. ಆ ಅಂಕಿ ಕಡತದಲ್ಲಿ ಎಲ್ಲಿಯೂ ಇಲ್ಲ. ಮೊದಲು ಇದನ್ನು ನೋಡಿಕೊಳ್ಳುತ್ತಿದ್ದವರು ಊರು ಬಿಟ್ಟಿದ್ದಾರೆ.

ಉತ್ತರ (ಹಾಸನ):

ಸರ್, ಇನ್ನು ಕಡತ ಹುಡುಕಬೇಡಿ, ಸರ್ವರನ್ನೇ ಕೇಳಿ. ಸೂಪರ್‌ಯೂಸರ್ ಆಗಿ ಒಳಹೋಗಿ ಎಲ್ಲ ಸೆಟ್ಟಿಂಗ್‌ಗಳನ್ನು ತೋರಿಸುವ ‘ಪಿಜಿ_ಸೆಟ್ಟಿಂಗ್ಸ್’ ಪಟ್ಟಿಯಲ್ಲಿ ವರ್ಕ್_ಮೆಮ್ ಸಾಲಿನ ಸೋರ್ಸ್, ಸೋರ್ಸ್‌ಫೈಲ್, ಸೋರ್ಸ್‌ಲೈನ್ ನೋಡಿ. ಆ ಅಂಕಿ ಯಾವ ಕಡತದ ಎಷ್ಟನೇ ಸಾಲಿನಿಂದ ಬಂತು ಎಂಬುದು ಅಲ್ಲೇ ಇರುತ್ತದೆ.

ನನ್ನ ಅನುಮಾನ ‘ಪೋಸ್ಟ್‌ಗ್ರೆಸ್‌ಕ್ಯೂಎಲ್.ಆಟೋ.ಕಾನ್ಫ್’ ಮೇಲೆ. ಯಾರಾದರೂ ‘ಆಲ್ಟರ್ ಸಿಸ್ಟಮ್ ಸೆಟ್’ ಆದೇಶ ಕೊಟ್ಟರೆ ಅದು ಆ ಕಡತಕ್ಕೆ ಹೋಗುತ್ತದೆ. 2014ರ 9.4 ಆವೃತ್ತಿಯಿಂದ ಈ ಸೌಲಭ್ಯವಿದೆ. ಅದನ್ನು ಸರ್ವರ್ ಕೊನೆಯಲ್ಲಿ ಓದುತ್ತದೆ. ಕೊನೆಯಲ್ಲಿ ಓದಿದ್ದೇ ಗೆಲ್ಲುತ್ತದೆ. ಆ ಕಡತವನ್ನು ಕೈಯಿಂದ ತಿದ್ದಬೇಡಿ. ‘ಆಲ್ಟರ್ ಸಿಸ್ಟಮ್ ರೀಸೆಟ್ ವರ್ಕ್_ಮೆಮ್’ ಕೊಟ್ಟು ರೀಲೋಡ್ ಮಾಡಿ, ರೀಸ್ಟಾರ್ಟ್ ಬೇಕಿಲ್ಲ.

256 ಎಂಬಿ ನಿಮ್ಮ ಯಂತ್ರಕ್ಕೆ ನಿಜಕ್ಕೂ ಅಪಾಯ. ಅದು ಇಡೀ ಸರ್ವರಿಗೆ ಹಾಕಿದ ಮಿತಿಯಲ್ಲ. ಒಂದೇ ವರದಿಯಲ್ಲಿ ಮೂರು ಕಡೆ ವಿಂಗಡಣೆ ನಡೆದರೆ ಪ್ರತಿಯೊಂದೂ ಅಷ್ಟು ಮೆಮೊರಿ ಹಿಡಿಯಬಹುದು. ಐದು ಜನ ಸೇರಿದರೆ 3,840 ಎಂಬಿ!

ಪ್ರಶ್ನೆ ಕೇಳಿದವರು:

ನೀವು ಹೇಳಿದ ಕಡತವೇ, ಮೂರನೇ ಸಾಲು. ಈಗ ನನ್ನ ಲಾಗಿನ್‌ನಲ್ಲಿ 16 ಬರುತ್ತಿದೆ. ಆದರೆ ಗುಮಾಸ್ತರು ಬಳಸುವ ಲಾಗಿನ್‌ನಲ್ಲಿ 128 ಎಂದು ತೋರಿಸುತ್ತದೆ.

ಉತ್ತರ (ಹಾಸನ):

ಆ ಲಾಗಿನ್‌ನಿಂದಲೇ ಸೋರ್ಸ್ ನೋಡಿ. ‘ಯೂಸರ್’ ಎಂದಿದ್ದರೆ ಯಾರೋ ‘ಆಲ್ಟರ್ ರೋಲ್’ ಮೂಲಕ ಆ ಬಳಕೆದಾರನಿಗೆ ಪ್ರತ್ಯೇಕವಾಗಿ ಬರೆದಿದ್ದಾರೆ. ಅದು ಎರಡೂ ಕಡತಗಳನ್ನು ಮೀರುತ್ತದೆ. ‘ಡೇಟಾಬೇಸ್’ ಎಂದಿದ್ದರೆ ‘ಆಲ್ಟರ್ ಡೇಟಾಬೇಸ್’ ಕೆಲಸ. ಪೋಸ್ಟ್‌ಗ್ರೆಸ್‌ಗೆ ಆದೇಶ ಕೊಡುವ ಪಿಎಸ್‌ಕ್ಯೂಎಲ್‌ನಲ್ಲಿ ‘\ಡಿಆರ್‌ಡಿಎಸ್’ ಹೊಡೆದರೆ ಇಂಥವೆಲ್ಲ ಒಟ್ಟಿಗೆ ಕಾಣುತ್ತವೆ. ರೀಸೆಟ್ ಮಾಡಿದ ಮೇಲೆ ಗುಮಾಸ್ತರೆಲ್ಲ ಹೊರಬಂದು ಮತ್ತೆ ಲಾಗಿನ್ ಆಗಲಿ, ತೆರೆದಿರುವ ಸಂಪರ್ಕಗಳಿಗೆ ಇದು ಅನ್ವಯಿಸುವುದಿಲ್ಲ.

ಪ್ರಶ್ನೆ ಕೇಳಿದವರು:

‘ಯೂಸರ್’ ಎಂದೇ ಇತ್ತು. ತೆಗೆದೆ, ಎಲ್ಲ ಕಡೆಯೂ 16. ನಿನ್ನೆ ಸಂಜೆ ಐವರೂ ಒಟ್ಟಿಗೆ ವರದಿ ತೆಗೆದರು. ನಿಧಾನವಾಯಿತು, ಆದರೆ ಸರ್ವರ್ ನಿಲ್ಲಲಿಲ್ಲ. ಬಹಳ ಉಪಕಾರವಾಯಿತು ಸರ್.