ಮಲೆನಾಡಿನಿಂದ ಉಲ್ಕಾವೃಷ್ಟಿಯ ಫೋಟೋ: ತೆಗೆದವರ ಅನುಭವ ಬೇಕಿತ್ತು

ಕೇಳಿದ್ದು, ಹೊಸನಗರ ತಾಲ್ಲೂಕಿನಿಂದ: 2026ರ ಡಿಸೆಂಬರ್‌ನಲ್ಲಿ ನಮ್ಮ ಮನೆಯ ಹತ್ತಿರದಿಂದಲೇ ಉಲ್ಕಾವೃಷ್ಟಿಯ ಚಿತ್ರ ತೆಗೆಯಬೇಕೆಂದಿದ್ದೇನೆ. ಸಾಧಾರಣ ಡಿಎಸ್ಎಲ್ಆರ್, ಅದರೊಂದಿಗೆ ಬಂದ 18–55 ಲೆನ್ಸ್, ಒಂದು ಟ್ರೈಪಾಡ್ ಇವೆ. ಹಿಂದೊಮ್ಮೆ ಆಗಸ್ಟ್‌ನಲ್ಲಿ ಕಾದು ಕುಳಿತು ಮೋಡವನ್ನಷ್ಟೇ ನೋಡಿದೆ. ಯಾವ ರಾತ್ರಿ, ಎಲ್ಲಿ ನಿಂತು, ಹೇಗೆ ತೆಗೆಯಬೇಕು?

ತೀರ್ಥಹಳ್ಳಿ ಕಡೆಯಿಂದ: ಆಗಸ್ಟ್ 12–13ರ ಪರ್ಸೀಡ್ ಉಲ್ಕಾವೃಷ್ಟಿ ಎಷ್ಟೇ ಹೆಸರುವಾಸಿಯಾಗಿದ್ದರೂ ಆಗ ನಮ್ಮಲ್ಲಿ ಮಳೆ ಹಿಡಿದಿರುತ್ತದೆ, ಅದನ್ನು ನಂಬಿ ಕೂರಬೇಡಿ. ನಮಗೆ ಒದಗುವುದು ಡಿಸೆಂಬರ್ 13–14ರ ಜೆಮಿನಿಡ್. 1983ರಲ್ಲಿ ಪತ್ತೆಯಾದ ಫೇಥಾನ್ ಎಂಬ ಕ್ಷುದ್ರಗ್ರಹದಿಂದ ಉದುರಿದ ಈ ಚೂರುಗಳು ಸೆಕೆಂಡಿಗೆ ಸುಮಾರು 35 ಕಿ.ಮೀ. ವೇಗದಲ್ಲಿ ವಾತಾವರಣವನ್ನು ಹೊಗುತ್ತವೆ. ಪರ್ಸೀಡ್‌ಗಳ ವೇಗ 59 ಕಿ.ಮೀ. ಉಲ್ಕೆ ನಿಧಾನವಾದಷ್ಟೂ ಅದರ ಬೆಳಕು ಸೆನ್ಸರ್‌ನ ಒಂದೊಂದು ಬಿಂದುವಿನ ಮೇಲೂ ಹೆಚ್ಚು ಹೊತ್ತು ಬೀಳುವುದರಿಂದ ನಿಮ್ಮ ಲೆನ್ಸಿಗೂ ಅದು ದಕ್ಕುತ್ತದೆ. 2026ರಲ್ಲಿ ಅಮಾವಾಸ್ಯೆ ಡಿಸೆಂಬರ್ 9ಕ್ಕೆ ಬರುವುದರಿಂದ 13 ಮತ್ತು 14ರ ರಾತ್ರಿ ಹನ್ನೊಂದರೊಳಗೆ ಚಂದ್ರ ಮುಳುಗಿರುತ್ತಾನೆ, ಇದು ದೊಡ್ಡ ಅನುಕೂಲ.

ಉಲ್ಕೆಗಳು ಪುನರ್ವಸು ನಕ್ಷತ್ರಗಳ ಬಳಿಯಿಂದ ಹೊರಟಂತೆ ಕಾಣುತ್ತವೆ. ಆ ಜಾಗ ರಾತ್ರಿ ಎಂಟರ ಸುಮಾರಿಗೆ ಈಶಾನ್ಯದಲ್ಲಿ ಎದ್ದು, ಎರಡು ಗಂಟೆ ದಾಟಿದ ಮೇಲೆ ನೆತ್ತಿಯ ಹತ್ತಿರ ಬರುತ್ತದೆ. ಕ್ಯಾಮೆರಾವನ್ನು ನೇರವಾಗಿ ಅದಕ್ಕೇ ತಿರುಗಿಸಬೇಡಿ, ಅಲ್ಲಿ ಗೆರೆಗಳು ಗಿಡ್ಡವಾಗಿರುತ್ತವೆ. ಅಲ್ಲಿಂದ 40–50 ಡಿಗ್ರಿ ಆಚೆ, ಮಹಾವ್ಯಾಧ (ಒರಾಯನ್) ನಕ್ಷತ್ರಪುಂಜವನ್ನೂ ಒಳಗೊಳ್ಳುವಂತೆ ದಕ್ಷಿಣಕ್ಕೆ ಹಿಡಿದರೆ ಉದ್ದನೆಯ ಗೆರೆ ಸಿಗುತ್ತದೆ.

ಲೆನ್ಸ್ 18 ಮಿ.ಮೀ.ನಲ್ಲೇ ಇರಲಿ, ಅಪರ್ಚರ್ (ಬೆಳಕು ಬಿಡುವ ಕಿಂಡಿ) 3.5, ಐಎಸ್ಒ (ಬೆಳಕಿಗೆ ಸೆನ್ಸರ್‌ನ ಸಂವೇದನೆ) 3200, ಶಟರ್ 15 ಸೆಕೆಂಡು. ಶಟರ್ ಹೆಚ್ಚು ಹೊತ್ತು ತೆರೆದಿಟ್ಟರೆ ಉಲ್ಕೆ ಪ್ರಖರವಾಗಿ ಬರುತ್ತದೆಂದು ಅನೇಕರು ನಂಬಿದ್ದಾರೆ, ಅದು ತಪ್ಪು. ಉಲ್ಕೆ ಹೆಚ್ಚಾಗಿ ಒಂದು ಸೆಕೆಂಡಿನೊಳಗೇ ಮುಗಿದುಹೋಗುತ್ತದೆ. ಉಳಿದ ಹೊತ್ತಿನಲ್ಲಿ ಬೆಳಗುವುದು ಹಿನ್ನೆಲೆಯ ಆಕಾಶ ಮಾತ್ರ. ಫೋಕಸ್ಸನ್ನು ಕೈಯಿಂದಲೇ ಮಾಡಿ: ಲುಬ್ಧಕ (ಸಿರಿಯಸ್) ನಕ್ಷತ್ರವನ್ನು ಪರದೆಯ ಮೇಲೆ ಹತ್ತು ಪಟ್ಟು ಹಿಗ್ಗಿಸಿ, ಅದು ಸೂಜಿಮೊನೆಯಷ್ಟಾದ ಕ್ಷಣದಲ್ಲಿ ಫೋಕಸ್ ಮತ್ತು ಝೂಮ್ ಎರಡೂ ಬಳೆಗಳಿಗೆ ಟೇಪು ಸುತ್ತಿಬಿಡಿ. ದೀರ್ಘ ಎಕ್ಸ್‌ಪೋಷರ್‌ನ ನಾಯ್ಸ್ ಕಡಿತವನ್ನು (ಚಿತ್ರದ ಕಾಳುಕಾಳು ತಗ್ಗಿಸುವ ಸೆಟ್ಟಿಂಗ್) ಆಫ್ ಮಾಡಿಡದಿದ್ದರೆ ಪ್ರತಿ ಚಿತ್ರದ ನಂತರವೂ ಕ್ಯಾಮೆರಾ ಅಷ್ಟೇ ಹೊತ್ತು ಸುಮ್ಮನಿದ್ದು, ಅರ್ಧ ರಾತ್ರಿ ಅಲ್ಲೇ ಕಳೆದುಹೋಗುತ್ತದೆ.

ಆದರೆ ನಮ್ಮ ಕಡೆ ಎಲ್ಲಕ್ಕಿಂತ ಹೆಚ್ಚು ಕಾಡುವುದು ಇಬ್ಬನಿ. ಒಂದು ವರ್ಷ ಗದ್ದೆಯ ಅಂಚಿನಲ್ಲಿ ಕ್ಯಾಮೆರಾ ನಿಲ್ಲಿಸಿ ಕಂಬಳಿ ಹೊದ್ದು ಕುಳಿತಿದ್ದಾಗ, ಒಂದು ಗಂಟೆಯ ಸುಮಾರಿಗೆ ಹಸಿರು ಛಾಯೆಯ ಉಲ್ಕೆಯೊಂದು ಮಹಾವ್ಯಾಧನ ಕೆಳಗೆ ಹಾಯ್ದು, ಗದ್ದೆಯ ಕೂಳೆ ಕಾಣುವಷ್ಟು ಬೆಳಕು ಚೆಲ್ಲಿತು. ಕ್ಯಾಮೆರಾ ಸರಿಯಾಗಿ ಅತ್ತಲೇ ನೋಡುತ್ತಿತ್ತು. ಬೆಳಿಗ್ಗೆ ತೆರೆದು ನೋಡಿದರೆ ಹನ್ನೆರಡೂವರೆಯ ನಂತರದ ಒಂದೊಂದು ಚಿತ್ರದಲ್ಲೂ ನಕ್ಷತ್ರಗಳು ಹತ್ತಿಯ ಉಂಡೆಗಳಂತೆ ಊದಿಕೊಂಡಿದ್ದವು. ಆ ಉಲ್ಕೆ ಬಿದ್ದ ಚಿತ್ರದಲ್ಲಿ ಮಸುಕಾದ ಬಿಳುಪಷ್ಟೇ ಇತ್ತು. ಆ ಸಂಕಟ ನನಗೆ ಇನ್ನೂ ಹೋಗಿಲ್ಲ. ತೆರೆದ ಆಕಾಶಕ್ಕೆ ಮುಖ ಮಾಡಿದ ಗಾಜು ಶಾಖ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತ ತಣ್ಣಗಾಗುವುದೇ ಇದಕ್ಕೆ ಕಾರಣ, ಆದ್ದರಿಂದ ಒರೆಸಿದರೆ ಪ್ರಯೋಜನವಿಲ್ಲ, ಬೆಚ್ಚಗಿಡಬೇಕು. ಪವರ್ ಬ್ಯಾಂಕಿಗೆ ಜೋಡಿಸುವ ಹೀಟರ್ ಪಟ್ಟಿಯನ್ನು ಲೆನ್ಸಿನ ಮೂತಿಗೆ ಸುತ್ತುವುದು ಉತ್ತಮ. ಅದಿಲ್ಲದಿದ್ದಾಗ ನಾನು ಅಕ್ಕಿಯನ್ನು ಬಾಣಲೆಯಲ್ಲಿ ಹದವಾಗಿ ಬಿಸಿ ಮಾಡಿ, ಹತ್ತಿಯ ಕಾಲುಚೀಲಕ್ಕೆ ತುಂಬಿ ಕಟ್ಟುತ್ತಿದ್ದೆ. ಮುಕ್ಕಾಲು ಗಂಟೆಗೊಮ್ಮೆ ಬದಲಿಸಬೇಕಾಗುತ್ತಿತ್ತು. ಏನೇ ಕಟ್ಟಿದರೂ ಅರ್ಧ ಗಂಟೆಗೊಮ್ಮೆ ಕೆಂಪು ಟಾರ್ಚನ್ನು ಓರೆಯಾಗಿ ಹಿಡಿದು ಗಾಜನ್ನು ನೋಡಲೇಬೇಕು.

ಸಾಗರದಿಂದ: ಜಾಗದ ವಿಷಯದಲ್ಲಿ ಒಂದು ಮಾತು ಸೇರಿಸುತ್ತೇನೆ. ಕೊಡಚಾದ್ರಿ ಎಂದರೆ ಎಲ್ಲರಿಗೂ ಆಸೆ, ಆದರೆ ಅದು ಅಭಯಾರಣ್ಯದ ವ್ಯಾಪ್ತಿಯಲ್ಲಿದೆ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ರಾತ್ರಿ ಅಲ್ಲಿರುವ ಯೋಚನೆ ಬೇಡ. ತೋಟದ ನಡುವಿನ ಮನೆಯಾದರೆ ಅಡಿಕೆ ಮರಗಳು ಆಕಾಶವನ್ನೇ ಮುಚ್ಚುತ್ತವೆ, ಅಲ್ಲದೆ ಡಿಸೆಂಬರ್ ಕೊಯ್ಲಿನ ಕಾಲವಾದ್ದರಿಂದ ಸುಲಿಯುವ ಚಪ್ಪರದ ದೀಪ ತಡರಾತ್ರಿಯವರೆಗೂ ಉರಿಯುತ್ತಿರುತ್ತದೆ, ಅಡಿಕೆ ಬೇಯಿಸುವ ಒಲೆಯ ಹೊಗೆ ತಗ್ಗಿನಲ್ಲೇ ನಿಲ್ಲುತ್ತದೆ. ಅಕ್ಕಪಕ್ಕದವರಿಗೆ ಮೊದಲೇ ತಿಳಿಸಿ, ಚಪ್ಪರಕ್ಕೆ ಬೆನ್ನಾಗುವ ಎತ್ತರದ ಬ್ಯಾಣವೊಂದನ್ನು (ಹುಲ್ಲುಗಾವಲು) ಹಗಲಲ್ಲೇ ನೋಡಿಟ್ಟುಕೊಳ್ಳಿ. ಕಣಿವೆಯಲ್ಲಿ ಮಂಜು ತುಂಬಿಕೊಂಡ ರಾತ್ರಿ ಸ್ವಲ್ಪ ಎತ್ತರಕ್ಕೆ ಹೋದರೆ ಆಕಾಶ ತಿಳಿಯಾಗಿರುವುದನ್ನು ನಾನು ಹಲವು ಸಲ ಕಂಡಿದ್ದೇನೆ. ಒಬ್ಬರೇ ಹೋಗಬೇಡಿ.

ಶಿವಮೊಗ್ಗದಿಂದ: ನೂರಾರು ಚಿತ್ರಗಳಲ್ಲಿ ಉಲ್ಕೆಯನ್ನು ಗುರುತಿಸುವುದು ಹೀಗೆ. ವಿಮಾನದ ಗೆರೆಯಲ್ಲಿ ಚುಕ್ಕಿಗಳಿರುತ್ತವೆ. ಉಪಗ್ರಹದ ಗೆರೆ ಸಾಮಾನ್ಯವಾಗಿ ಮುಂದಿನ ಚಿತ್ರದಲ್ಲೂ ಮುಂದುವರಿಯುತ್ತದೆ. ಉಲ್ಕೆ ಒಂದೇ ಚಿತ್ರದಲ್ಲಿದ್ದು, ಎರಡೂ ತುದಿ ಸಣ್ಣಗಾಗಿ ನಡುವೆ ದಪ್ಪವಾಗಿರುತ್ತದೆ. ಗೆರೆಯನ್ನು ಹಿಂದಕ್ಕೆ ಎಳೆದರೆ ಪುನರ್ವಸುವಿನ ಬಳಿಗೆ ಹೋಗಿ ಸೇರಿದರೆ ಅದು ಜೆಮಿನಿಡ್. ಚಿತ್ರಗಳನ್ನು ರಾ (RAW, ಕ್ಯಾಮೆರಾ ಸಂಸ್ಕರಿಸದ ಮೂಲ ಕಡತ) ರೂಪದಲ್ಲೇ ಉಳಿಸಿ, ಮತ್ತು ಮನೆಯೊಳಗೆ ತರುವ ಮೊದಲು ಕ್ಯಾಮೆರಾವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೆಳಗಿನವರೆಗೆ ಹಾಗೆಯೇ ಬಿಡಿ. ತಣ್ಣಗಿರುವ ಕ್ಯಾಮೆರಾಕ್ಕೆ ಅಡುಗೆಮನೆಯ ಬೆಚ್ಚಗಿನ ಗಾಳಿ ತಗುಲಿದರೆ ಒಳಗೂ ನೀರು ಕಟ್ಟುತ್ತದೆ.